ಕರು ಸತ್ತದ್ದು ಜೂನ್‌ನಲ್ಲಿ, ತಪ್ಪಾಗಿದ್ದು ಮಾರ್ಚ್‌ನಲ್ಲಿ

ತೋಟಗಾರಿಕೆ ಪದವಿ ಮುಗಿಸಿ, ನಾಲ್ಕು ವರ್ಷ ಬೆಂಗಳೂರಿನಲ್ಲಿ ಸಂಬಳದ ಕೆಲಸ ಮಾಡಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ವಾಪಸ್ ಬಂದು ಸಾವಯವ ಕೃಷಿಗೆ ಇಳಿದ ಎರಡನೇ ವರ್ಷದ ಮಾತಿದು. ಎರಡು ಎಕರೆ ಅಡಿಕೆ, ಒಂದು ಎಕರೆ ಗದ್ದೆ, ಕೊಟ್ಟಿಗೆಯಲ್ಲಿ ಐದು ಮಲೆನಾಡು ಗಿಡ್ಡ. ಅದರಲ್ಲಿ ಕೆಂಪಿ ಅನ್ನೋ ಹಸು ಜೂನ್ ಮೂರನೇ ವಾರ ಕರು ಹಾಕಿತು. ಹೊರಗೆ ಮೂರು ದಿನದಿಂದ ಬಿಡದೆ ಸುರಿಯುವ ಮಳೆ. ಕರು ಎದ್ದು ನಿಲ್ಲೋಕೆ ಒದ್ದಾಡಿತು, ನಿಲ್ಲಲಿಲ್ಲ. ಹಿಡಿದು ಕೆಚ್ಚಲಿಗೆ ಬಾಯಿ ಹಚ್ಚಿದರೆ ಕೆಚ್ಚಲಲ್ಲಿ ಹಾಲೇ ಇಲ್ಲ. ಎರಡನೇ ದಿನ ಬೆಳಗ್ಗೆ ಕರು ತಣ್ಣಗಾಗಿತ್ತು.

ಪಕ್ಕದ ಮನೆ ಅಜ್ಜಿ ಬಂದು ನೋಡಿದರು. ನಾನು ಮಳೆ, ಥಂಡಿ ಅಂತ ಏನೇನೋ ಹೇಳ್ತಿದ್ದೆ. ಅವರು ಹಸುವಿನ ಬೆನ್ನಿನ ಮೇಲೆ ಕೈ ಇಟ್ಟು, "ಎಂತ ಮಾರಾಯ, ಬೇಸ್ಗೇಲಿ ಹೊಟ್ಟೆಗೆ ಹಾಕ್ಲಿಲ್ಲ, ಈಗ ಕೆಚ್ಚಲಲ್ಲಿ ಹಾಲು ಹುಡುಕ್ತೀಯಲ್ಲ" ಅಂದರು. ಆಮೇಲೆ ಬಂದ ಪಶುವೈದ್ಯರು ಹೇಳಿದ್ದೂ ಅದನ್ನೇ, ಭಾಷೆ ಮಾತ್ರ ಬೇರೆ. ನನಗೆ ನಾಚಿಕೆಯಾಯ್ತು. ಯಾಕಂದರೆ ಆ ಮಾರ್ಚ್ ತಿಂಗಳಿನಲ್ಲಿ ಕೆಂಪಿಯ ಸಗಣಿಯಿಂದಲೇ ನಾನು ಡ್ರಮ್ಮುಗಟ್ಟಲೆ ಜೀವಾಮೃತ ಮಾಡಿ ತೋಟಕ್ಕೆ ಹಾಕಿದ್ದೆ.

ಈ ವಾರ ಈ ವಿಷಯ ಎತ್ತಿಕೊಳ್ಳೋಕೆ ಕಾರಣವಿದೆ. ಗದ್ದೆ ಕೊಯ್ಲು ಮುಗಿದಿದೆ, ಹುಲ್ಲಿನ ಗೊಣಬೆ ಹಾಕುವ ಸಮಯ. ಮುಂದಿನ ಜೂನ್‌ನಲ್ಲಿ ಹುಟ್ಟುವ ಕರುಗಳ ಹಣೆಬರಹ ಬರೆಯೋದು ಈಗ.

ಡ್ರಮ್ಮಿಗೆ ಬೆಲ್ಲ, ಹಸುವಿಗೆ ಬರೀ ಹುಲ್ಲು

ಸ್ವಲ್ಪ ಕಟುವಾಗಿಯೇ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. 200 ಲೀಟರ್ ಜೀವಾಮೃತಕ್ಕೆ 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು ಹಾಕಬೇಕು ಅಂತ ನಮಗೆಲ್ಲ ಬಾಯಿಪಾಠ. ಅಂಗಡಿಯಿಂದ ದುಡ್ಡು ಕೊಟ್ಟು ತಂದು ಹಾಕ್ತೀವಿ. ಆದರೆ ಅದಕ್ಕೆ ಸಗಣಿ ಕೊಡೋ ಗಬ್ಬದ ಹಸುವಿಗೆ ಒಂದು ಹಿಡಿ ಹಿಂಡಿ ಹಾಕಿ ಅಂದರೆ, "ನಾಟಿ ಹಸು ಅಲ್ವಾ, ಮೇಯ್ಕೊಂಡು ಬರುತ್ತೆ ಬಿಡಿ" ಅನ್ನೋ ಉತ್ತರ ಬರುತ್ತೆ. ನಾನೂ ಹಾಗೇ ಅಂದವನು.

ಮಲೆನಾಡು ಗಿಡ್ಡ ಗಟ್ಟಿ ತಳಿ ಅನ್ನೋದು ನಿಜ. ನೂರು, ನೂರಿಪ್ಪತ್ತು ಕೆ.ಜಿ. ತೂಕದ ಪುಟ್ಟ ದನ, ಗುಡ್ಡ ಹತ್ತಿ ಮೇಯುತ್ತೆ, ಮಳೆ ತಡೆಯುತ್ತೆ. ಆದರೆ ಗಟ್ಟಿ ಅಂದರೆ ಕಡಿಮೆ ಮೇವಿನಲ್ಲೂ ಸಾಯದೆ ಉಳಿಯುತ್ತೆ ಅಂತಷ್ಟೇ ಅರ್ಥ. ಹೊಟ್ಟೆಯೊಳಗಿನ ಕರುವೂ ಗಟ್ಟಿಯಾಗಿ ಬೆಳೆಯುತ್ತೆ ಅಂತ ಅಲ್ಲ. ಫೆಬ್ರವರಿ ಕಳೆದ ಮೇಲೆ ಬೆಟ್ಟದಲ್ಲಿ ಉಳಿದಿರೋದು ಒಣಗಿದ ಕರಡ. ಅದನ್ನು ತಿಂದರೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ.

ಅವರ ಚಳಿಗಾಲವೇ ನಮ್ಮ ಬೇಸಿಗೆ

ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸಕ್ಲರ್ ಹಿಂಡು ಅಂತ ಒಂದು ಪದ್ಧತಿ ಇದೆ. ಅಲ್ಲಿ ಈ ಹಸುಗಳನ್ನು ಕರೆಯುವುದಿಲ್ಲ. ಹಾಲೆಲ್ಲ ಕರುವಿಗೆ. ಏಳೆಂಟು ತಿಂಗಳು ತಾಯಿ ಜೊತೆಯಲ್ಲೇ ಬೆಳೆದ ಕರುವನ್ನು ಮಾಂಸದ ಮಾರುಕಟ್ಟೆಗೆ ಕೊಡುತ್ತಾರೆ. ಅವರ ಆದಾಯ ಅದು. ನಮ್ಮ ಉದ್ದೇಶ ಬೇರೆ, ಆ ಭಾಗ ನಮಗೆ ಬೇಡ. ಆದರೆ ಅಲ್ಲಿಂದ ಕಲಿಯೋದು ಒಂದಿದೆ, ಹಸುವಿನ ವರ್ಷವನ್ನು ಹುಲ್ಲಿನ ವರ್ಷಕ್ಕೆ ಹೊಂದಿಸುವ ಲೆಕ್ಕ.

ಅಲ್ಲಿ ಚಳಿಗಾಲದಲ್ಲಿ ಹುಲ್ಲು ಬೆಳೆಯಲ್ಲ. ನವೆಂಬರ್ ಹೊತ್ತಿಗೆ ದನಗಳನ್ನು ಕೊಟ್ಟಿಗೆಗೆ ತಂದು ಸೈಲೇಜು, ಒಣಹುಲ್ಲಿನ ಮೇಲೆ ಸಾಕುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕರು ಹಾಕಿಸಿ, ವಸಂತದ ಹೊಸ ಹುಲ್ಲು ಬರುತ್ತಿದ್ದಂತೆ ತಾಯಿ ಕರು ಎರಡನ್ನೂ ಹೊರಗೆ ಬಿಡುತ್ತಾರೆ. ಅಂದರೆ ಗಬ್ಬದ ಕೊನೆಯ ತಿಂಗಳುಗಳು ಬರುವುದು ಮೇವಿಲ್ಲದ ಕಾಲದಲ್ಲೇ. ಅದಕ್ಕಾಗಿ ಬೇಸಿಗೆಯಲ್ಲೇ ಮೇವು ಕೂಡಿಟ್ಟು, ಚಳಿಗಾಲ ಶುರುವಾಗುವ ಮೊದಲೇ ಪ್ರತಿ ಹಸುವಿನ ಮೈ ಮುಟ್ಟಿ ನೋಡಿ, ತೆಳ್ಳಗಿದ್ದವನ್ನು ಬೇರೆ ಕಟ್ಟಿ ಹೆಚ್ಚು ಹಾಕುತ್ತಾರೆ.

ಈಗ ನಮ್ಮ ಕಡೆ ನೋಡಿ. ಮಳೆಗಾಲದ ಹುಲ್ಲು ತಿಂದು ಮೈ ಕಟ್ಟಿದ ಹಸು ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಬೆದೆಗೆ ಬರುತ್ತೆ. ಹಸುವಿನ ಗಬ್ಬದ ಅವಧಿ ಸುಮಾರು 283 ದಿನ. ಲೆಕ್ಕ ಸುಲಭ: ಗಬ್ಬವಾದ ದಿನದಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ, ಹತ್ತು ದಿನ ಕೂಡಿಸಿ. ಸೆಪ್ಟೆಂಬರ್ 15ಕ್ಕೆ ಹೋರಿ ಕೊಟ್ಟರೆ ಜೂನ್ 25ಕ್ಕೆ ಕರು. ಹೊಟ್ಟೆಯಲ್ಲಿ ಕರುವಿನ ತೂಕ ಹೆಚ್ಚುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಅಂದರೆ ಮಾರ್ಚ್ ಕೊನೆ, ಏಪ್ರಿಲ್, ಮೇ, ಜೂನ್. ನಮ್ಮ ಬೆಟ್ಟದಲ್ಲಿ ಏನೂ ಇಲ್ಲದ ತಿಂಗಳುಗಳು ಸರಿಯಾಗಿ ಅವೇ. ಅವರಿಗೆ ಹಿಮ, ನಮಗೆ ಬಿಸಿಲು, ಅಷ್ಟೇ ವ್ಯತ್ಯಾಸ. ಅವರು ಅದಕ್ಕೆ ತಯಾರಿ ಮಾಡ್ತಾರೆ, ನಾವು ಮಳೆ ಬಂದರೆ ಸರಿಹೋಗುತ್ತೆ ಅಂತ ಕೂತಿರ್ತೀವಿ.

ಇದೆಲ್ಲ ಪರದೇಶದ ವಿದ್ಯೆ ಅಂತ ತಳ್ಳಿಹಾಕಬೇಡಿ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಮಾಡಿದ್ದರು. ಯಾವ ಕಾಲಕ್ಕೆ ಎಲ್ಲಿ ಮೇವು, ನೀರು ಸಿಗುತ್ತೋ ಅಲ್ಲಿಗೆ ಹಿಂಡು ಹೋಗುತ್ತಿತ್ತು. ನಮ್ಮ ನೆಲದಲ್ಲೇ ಇದ್ದ ತಿಳುವಳಿಕೆ ಅದು.

ಹೊಸ ಹುಲ್ಲು ಬಂದರೆ ಸಾಲದೇ?

ಸಾಲದು. ಜೂನ್ ಮೊದಲ ಮಳೆಗೆ ಚಿಗುರಿದ ಹುಲ್ಲಿನಲ್ಲಿ ನೀರೇ ಜಾಸ್ತಿ. ದನ ಆಸೆಯಿಂದ ತಿನ್ನುತ್ತೆ, ಸಗಣಿ ನೀರಾಗುತ್ತೆ, ಒಂದೆರಡು ವಾರ ಮೈಗೆ ಏನೂ ಹತ್ತಲ್ಲ. ಆ ಹೊತ್ತಿಗೆ ಕರು ಹಾಕಿದ ಹಸು ತನ್ನ ಮೈಯಲ್ಲಿ ಉಳಿಸಿಕೊಂಡಿದ್ದರಿಂದಲೇ ಹಾಲು ಇಳಿಸಬೇಕು. ಉಳಿಸಿಕೊಂಡಿದ್ದೇ ಇಲ್ಲ ಅಂದರೆ ಎಲ್ಲಿಂದ ಇಳಿಸೀತು?

ಇನ್ನೊಂದು ನಷ್ಟ ತಡವಾಗಿ ಗೊತ್ತಾಗುತ್ತೆ. ಮೈ ಇಲ್ಲದೆ ಕರು ಹಾಕಿದ ಹಸು ಬೇಗ ಬೆದೆಗೆ ಬರಲ್ಲ. ಕರು ಮೊಲೆ ಉಣ್ಣುತ್ತಿದ್ದರೆ ಇನ್ನೂ ತಡ. ವರ್ಷ ವರ್ಷ ಅದೇ ತಿಂಗಳಲ್ಲಿ ಕರು ಬೇಕಾದರೆ 365ರಲ್ಲಿ 283 ಕಳೆದು ಉಳಿದ 82 ದಿನದೊಳಗೆ ಮತ್ತೆ ಗಬ್ಬವಾಗಬೇಕು. ಕೆಂಪಿ ಮತ್ತೆ ಬೆದೆಗೆ ಬಂದದ್ದು ಜನವರಿಯಲ್ಲಿ. ಒಂದು ಬೇಸಿಗೆಯ ಹಿಂಡಿ ಉಳಿಸಿದ್ದಕ್ಕೆ ಒಂದು ಕರು ಹೋಯ್ತು, ಅರ್ಧ ವರ್ಷ ಹೋಯ್ತು.

ಕೈಯಿಂದ ನೋಡಿ, ಕಣ್ಣಿಂದಲ್ಲ

ಗಬ್ಬದ ಹಸುವಿನ ಹೊಟ್ಟೆ ದೊಡ್ಡದಾಗಿ ಕಾಣುತ್ತೆ, ಅದನ್ನೇ ಮೈ ಅಂದುಕೊಳ್ತೀವಿ. ಕೊನೆಯ ಪಕ್ಕೆಲುಬಿನ ಮೇಲೆ, ಸೊಂಟದ ಮೂಳೆಗಳ ನಡುವೆ, ಬಾಲದ ಬುಡದಲ್ಲಿ ಕೈ ಒತ್ತಿ ನೋಡಿ. ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಹಸು ಬಡವಾಗಿದೆ. ಸ್ವಲ್ಪ ಒತ್ತಿದಾಗ ಮೂಳೆ ಸಿಕ್ಕರೆ ಸರಿಯಾಗಿದೆ. ಎಷ್ಟು ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ, ಅದೂ ಒಳ್ಳೇದಲ್ಲ, ಈಯುವಾಗ ಕಷ್ಟ. ಸಕ್ಲರ್ ಹಿಂಡಿನವರು ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡ್ತಾರೆ, ಈಯುವಾಗ ಎರಡೂವರೆ ಆಸುಪಾಸು ಇರಲಿ ಅಂತಾರೆ. ಅಂಕ ಬೇಡ ಅಂದರೆ ಬೇಡ. ತಿಂಗಳಿಗೊಮ್ಮೆ ಕೈಯಿಡಿ, ಸಾಕು.

ಬಡವಾದ ಹಸುವಿಗೆ ಕೊನೆಯ ವಾರ ಬಕೆಟ್ಟುಗಟ್ಟಲೆ ತಿನ್ನಿಸಿ ಪ್ರಯೋಜನ ಇಲ್ಲ. ಆರನೇ ತಿಂಗಳಿಂದಲೇ ಶುರು ಮಾಡಿ ನಿಧಾನಕ್ಕೆ ಮೈ ತರಬೇಕು. ಜೂನ್ ಕರುವಿಗೆ ಅಂದರೆ ಮಾರ್ಚ್ ಮೊದಲ ವಾರ.

ನನ್ನ ಮೇವಿನ ಲೆಕ್ಕ

ದನಕ್ಕೆ ದಿನಕ್ಕೆ ಅದರ ತೂಕದ ಶೇ. 2.5ರಷ್ಟು ಒಣ ಪದಾರ್ಥ ಬೇಕು ಅಂತ ಹಿಡಿದರೆ, 120 ಕೆ.ಜಿ. ಹಸುವಿಗೆ 3 ಕೆ.ಜಿ. ಐದು ದನ, ಫೆಬ್ರವರಿ ಮಧ್ಯದಿಂದ ಮೇ ಕೊನೆವರೆಗೆ ಸುಮಾರು 105 ದಿನ. ಒಟ್ಟು 1,575 ಕೆ.ಜಿ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನ್ನ ಗೊಣಬೆಯಲ್ಲಿ ಇದರ ಅರ್ಧವೂ ಇರಲಿಲ್ಲ. ಬೆಟ್ಟದಲ್ಲಿ ಮೇಯ್ದಿದ್ದು ಸ್ವಲ್ಪ ಸೇರುತ್ತೆ ನಿಜ, ಆದರೆ ಗಬ್ಬದ ಹಸುವಿನ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ.

ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ. 3–4ರಷ್ಟು ಮಾತ್ರ. ಯೂರಿಯಾ ಹಾಕಿ ಹುಲ್ಲು ಉಪಚರಿಸುವ ವಿಧಾನ ಇದೆ, ನಮ್ಮಂಥ ಸಾವಯವದವರಿಗೆ ಅದು ಆಗಲ್ಲ. ಹಾಗಾಗಿ ಸೊಪ್ಪೇ ಆಧಾರ. ಬೇಲಿ ತುಂಬಾ ಗ್ಲಿರಿಸಿಡಿಯಾ ನೆಟ್ಟಿದ್ದೀನಿ. ಕಡಿದು ಅರ್ಧ ದಿನ ಬಾಡಿಸಿ ಹಾಕಿದರೆ ವಾಸನೆ ಕಡಿಮೆಯಾಗಿ ದನ ತಿನ್ನುತ್ತೆ. ಮೊದಲು ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ, ಅದೊಂದನ್ನೇ ಹೊಟ್ಟೆ ತುಂಬ ಹಾಕಬೇಡಿ. ಹಾಲವಾಣ, ಹಲಸಿನ ಸೊಪ್ಪು, ಚೊಗಚೆ, ನುಗ್ಗೆ ಇವೂ ಆಗುತ್ತೆ. ಅಡಿಕೆ ಹಾಳೆ ಬಿದ್ದ ತಕ್ಷಣ ಆರಿಸಿ ಒಣಗಿಸಿ ಇಟ್ಟರೆ, ಸಣ್ಣಗೆ ಕತ್ತರಿಸಿ ಹುಲ್ಲಿನ ಬದಲು ಹಾಕಬಹುದು. ಬೂಸ್ಟು ಹಿಡಿದ ಹಾಳೆ, ಬೂಸ್ಟು ಹಿಡಿದ ಹಿಂಡಿ ಎರಡನ್ನೂ ಗೊಬ್ಬರ ಗುಂಡಿಗೆ ಹಾಕಿ, ಗಬ್ಬದ ಹಸುವಿಗೆ ಬೇಡವೇ ಬೇಡ.

ಕೊನೆಯ ಮೂರು ತಿಂಗಳು ಒಂದು ಹಸುವಿಗೆ ನಾನು ದಿನಕ್ಕೆ ಕೊಡೋದು ಇಷ್ಟು: ಹುಲ್ಲು ಅಥವಾ ಹಾಳೆ 2 ಕೆ.ಜಿ., ಸೊಪ್ಪು ಮತ್ತು ತೋಟದ ಹಸಿಹುಲ್ಲು ಸೇರಿ 4–5 ಕೆ.ಜಿ., ಶೇಂಗಾ ಹಿಂಡಿ 200 ಗ್ರಾಂ, ತೌಡು 300 ಗ್ರಾಂ, ಖನಿಜ ಮಿಶ್ರಣ 25 ಗ್ರಾಂ, ಒಂದು ಚಿಟಿಕೆ ಉಪ್ಪು. ನೀರು ಎರಡು ಹೊತ್ತಲ್ಲ, ಯಾವಾಗಲೂ ಮುಂದೆ ಇರಬೇಕು.

ಎರಡು ಎಚ್ಚರಿಕೆ. ಅಡಿಕೆಗೆ ಬೋರ್ಡೋ ಹೊಡೆದ ಮೇಲೆ ಕೆಳಗಿನ ಹುಲ್ಲಿನ ಮೇಲೂ ತುತ್ತ ಬಿದ್ದಿರುತ್ತೆ, ಹೊಸ ಹುಲ್ಲು ಬರುವವರೆಗೆ ಅಲ್ಲಿ ಕೊಯ್ಯಬೇಡಿ. ಹಾಗೇ, ಹಸಿದ ದನ ಮಾಮೂಲಾಗಿ ಮೂಸಿಯೂ ನೋಡದ ಲಂಟಾನವನ್ನು ಬೇಸಿಗೆಯಲ್ಲಿ ತಿಂದುಬಿಡುತ್ತೆ. ಅದು ವಿಷ, ಪಿತ್ತಕೋಶಕ್ಕೆ ಹೊಡೆತ. ಹೊಟ್ಟೆ ತುಂಬಿದ ದನಕ್ಕೆ ಈ ಅಪಾಯ ಕಡಿಮೆ.

ಮಳೆಗೆ ಮುಂಚೆ ಗಂಟಲು ಬೇನೆ, ಚಪ್ಪೆ ಬೇನೆ ಲಸಿಕೆ ಹಾಕಿಸೋದು, ಜಂತುಹುಳದ ಔಷಧಿ ಕೊಡೋದು ನಿಮಗೆ ಗೊತ್ತೇ ಇದೆ. ತುಂಬು ಗಬ್ಬದ ಹಸುವಿಗೆ ಯಾವುದು, ಯಾವಾಗ ಅಂತ ಪಶುವೈದ್ಯರನ್ನು ಕೇಳಿಯೇ ಮಾಡಿ.

ಗಿಣ್ಣು ಯಾರ ಪಾಲು?

ಈಯುವ ಹತ್ತು ದಿನ ಮೊದಲೇ ಹಸುವನ್ನು ಬೆಟ್ಟಕ್ಕೆ ಬಿಡೋದು ನಿಲ್ಲಿಸಿ. ಮರೆಯಲ್ಲಿ ಕರು ಹಾಕಿ ಬಚ್ಚಿಟ್ಟು ಬರುತ್ತೆ, ನಾವು ಹುಡುಕೋ ಹೊತ್ತಿಗೆ ಚಿರತೆ ಹುಡುಕಿರುತ್ತೆ. ಕೊಟ್ಟಿಗೆಯ ಒಂದು ಮೂಲೆ ಒಣಗಿಸಿ, ದಪ್ಪಗೆ ತರಗೆಲೆ ಹಾಸಿ, ಸೋರದ ಹಾಗೆ ನೋಡಿಕೊಳ್ಳಿ. ಮಳೆಗಾಲದ ಕರುವಿಗೆ ಅರ್ಧ ಔಷಧಿ ಅದೇ.

ಮುಂಗಾಲು ಎರಡು, ಅದರ ಮೇಲೆ ಮೂತಿ ಕಂಡರೆ ಎಲ್ಲ ಸರಿಯಿದೆ, ಹಸುವನ್ನು ಅದರ ಪಾಡಿಗೆ ಬಿಡಿ. ನೀರುಚೀಲ ಒಡೆದು, ಹಸು ಗಂಟೆಗಟ್ಟಲೆ ಮುಕ್ಕಿದರೂ ಏನೂ ಮುಂದುವರೆಯದಿದ್ದರೆ ಎಳೆಯೋಕೆ ಹೋಗದೆ ಫೋನ್ ಮಾಡಿ. ಇಲ್ಲೇ ಇನ್ನೊಂದು ಮಾತು: ಹಾಲಿನ ಆಸೆಗೆ ಗಿಡ್ಡ ಹಸುವಿಗೆ ದೊಡ್ಡ ತಳಿಯ ಇಂಜೆಕ್ಷನ್ ಕೊಡಿಸಬೇಡಿ. ಕರು ದೊಡ್ಡದಾಗಿ ದಾರಿಯಲ್ಲೇ ಸಿಕ್ಕಿಕೊಂಡು ಎರಡೂ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ.

ಕರು ಬಿದ್ದ ತಕ್ಷಣ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ತಾಯಿ ನೆಕ್ಕೋಕೆ ಬಿಡಿ. ಕಸ ಬೀಳೋವರೆಗೆ ಕರುವಿಗೆ ಹಾಲು ಬಿಡಬಾರದು ಅನ್ನೋ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಕರು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳೋಕೆ ಸಹಾಯವೇ ಆಗುತ್ತೆ. ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ಹೇಳಿ, ಕಲ್ಲು ಕಟ್ಟಿ ಎಳೆಯಬೇಡಿ.

ಗಿಣ್ಣಿನಲ್ಲಿರುವ ರೋಗನಿರೋಧಕ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳೋದು ಮೊದಲ ಕೆಲವು ಗಂಟೆ ಚೆನ್ನಾಗಿ, ಆಮೇಲೆ ಕಡಿಮೆಯಾಗುತ್ತಾ ಒಂದು ದಿನದ ಹೊತ್ತಿಗೆ ಬಾಗಿಲು ಮುಚ್ಚಿದ ಹಾಗೆ. ತೂಕದ ಹತ್ತನೇ ಒಂದು ಭಾಗ, ಅಂದರೆ ಹತ್ತು ಕೆ.ಜಿ. ಕರುವಿಗೆ ಒಂದು ಲೀಟರ್, ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಗಿಡ್ಡ ಹಸುವಿಗೆ ಇರೋದೇ ಅಷ್ಟು. ಅದರಲ್ಲಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆಲ್ಲ ಹಂಚೋ ಸಂಪ್ರದಾಯ ನಾನು ನಮ್ಮ ಮನೆಯಲ್ಲಿ ನಿಲ್ಲಿಸಿದೆ. ಅಮ್ಮ ಎರಡು ವರ್ಷ ಮುನಿಸಿಕೊಂಡಿದ್ದರು. ಈಗ ಅವರೇ ಕೇಳಿದವರಿಗೆ "ನಮ್ಮಲ್ಲಿ ಗಿಣ್ಣು ಕರುವಿಗೆ" ಅಂತಾರೆ.

ಹಾಲು ಮಾರದಿದ್ದರೆ ಹೇಗೆ?

ನನ್ನ ಹತ್ತಿರ ತರಕಾರಿ ಕೊಳ್ಳೋ ಪೇಟೆಯವರು ನಾಟಿ ಹಾಲು, ತುಪ್ಪ ಕೇಳ್ತಾರೆ. ಎ2 ಅಂದರೆ ಎಷ್ಟು ಬೇಕಾದರೂ ಕೊಡ್ತಾರೆ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಹಸುವಿನಿಂದ ಮಾರೋಕೆ ಹಾಲು ತೆಗೆದರೆ ಅದು ಕರುವಿನ ಬಾಯಿಂದಲೇ ತೆಗೆದದ್ದು. ನಾನು ಮೊದಲ ತಿಂಗಳು ಕರೆಯಲ್ಲ. ಆಮೇಲೆ ಬೆಳಗ್ಗೆ ಒಂದೇ ಹೊತ್ತು, ಎರಡೇ ಮೊಲೆ, ಮನೆ ಖರ್ಚಿಗೆ. ಉಳಿದದ್ದು ಕರುವಿಗೆ. ಇದರಿಂದ ನನಗೆ ಆದಾಯ ಕಡಿಮೆ, ಒಪ್ಕೊಳ್ತೀನಿ. ಆದರೆ ನಾನು ಹಸು ಸಾಕಿರೋದು ಸಗಣಿಗೆ. ಒಂದು ಗಿಡ್ಡ ದಿನಕ್ಕೆ ನಾಲ್ಕೈದು ಕೆ.ಜಿ. ಸಗಣಿ ಹಾಕುತ್ತೆ. ಸೊಪ್ಪಿನ ಜೊತೆ ಸೇರಿ ಅದು ಗೊಬ್ಬರವಾಗಿ ತೋಟಕ್ಕೆ ಹೋಗೋದೇ ನನ್ನ ನಿಜವಾದ ಆದಾಯ.

ಹಾಗಾದರೆ ಗಂಡು ಕರು? ಇದನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆ. ಅವರಲ್ಲಿ ಕರುವಿಗೆ ಮಾರುಕಟ್ಟೆಯಿದೆ, ನಮ್ಮಲ್ಲಿ ಇಲ್ಲ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಎತ್ತು ಕೇಳುವವರಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಕೊಳ್ಳುವವರೂ ಇಲ್ಲ. ಎಷ್ಟೋ ಗಂಡು ಕರುಗಳು ರಸ್ತೆಗೋ ಕಾಡಿಗೋ ಹೋಗ್ತಿವೆ ಅನ್ನೋದು ನಮಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ.

ನನ್ನ ಉತ್ತರ ಪೂರ್ತಿ ಸಮಾಧಾನದ್ದಲ್ಲ, ಆದರೂ ಹೇಳ್ತೀನಿ. ಸಗಣಿಗೆ ಗಂಡು ಹೆಣ್ಣು ಭೇದವಿಲ್ಲ, ಹಾಗಾಗಿ ನನ್ನ ಐದರಲ್ಲಿ ಎರಡು ಗಂಡು, ಬೀಜ ಒಡೆಸಿ ಇಟ್ಟುಕೊಂಡಿದ್ದೀನಿ. ಮತ್ತೊಂದು, ಸಗಣಿಯ ಹಸು ವರ್ಷ ವರ್ಷ ಈಯಬೇಕಾಗಿಲ್ಲ. ಸಕ್ಲರ್ ಹಿಂಡಿನವರಿಗೆ ಕರುವೇ ಆದಾಯ, ಅವರಿಗೆ 365 ದಿನದ ಅವಸರ. ನನಗಿಲ್ಲ. ಎರಡು ವರ್ಷಕ್ಕೊಂದು ಕರು ಸಾಕು. ಬೆದೆಗೆ ಬಂದ ದಿನ ಹಸುವನ್ನು ಮನೆಯಲ್ಲೇ ಕಟ್ಟಿ, ಹೋರಿಗೆ ಬಿಡಬೇಕೋ ಬೇಡವೋ ಅಂತ ಗೊಣಬೆ ನೋಡಿ ತೀರ್ಮಾನ ಮಾಡ್ತೀನಿ. ಐದನೆಯದಕ್ಕೆ ಮೇವಿಲ್ಲ ಅಂದರೆ ನಾಲ್ಕೇ ಇರಲಿ. ಹತ್ತು ಬಡಕಲು ದನಕ್ಕಿಂತ ನಾಲ್ಕು ತುಂಬಿದ ದನಗಳ ಸಗಣಿ ಮೇಲು.

ಕೆಂಪಿ ಈಗಲೂ ಇದ್ದಾಳೆ. ಕಳೆದ ವರ್ಷ ಜೂನ್ 28ಕ್ಕೆ ಹೆಣ್ಣು ಕರು ಹಾಕಿದಳು. ಅವತ್ತೂ ಅದೇ ಮಳೆ. ಕರು ಮುಕ್ಕಾಲು ಗಂಟೆಯಲ್ಲಿ ಎದ್ದು ಮೊಲೆ ಹುಡುಕಿಕೊಂಡಿತು. ಅಜ್ಜಿ ಬಂದು ಮತ್ತೆ ಬೆನ್ನು ಮುಟ್ಟಿ ನೋಡಿ, ಏನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡು ಹೋದರು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕೊಟ್ಟಿಗೆಯಲ್ಲಿ ಯಾವ ಹಸು ಯಾವಾಗ ಗಬ್ಬವಾಯ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ತಿಂಗಳು ಹಿಂದೆ ಹೋಗಿ ಹತ್ತು ದಿನ ಸೇರಿಸಿ. ಆಮೇಲೆ ಹೊರಗೆ ಹೋಗಿ ಗೊಣಬೆ ನೋಡಿ. ಅಷ್ಟು ದಿನಕ್ಕೆ ಹುಲ್ಲು ಸಾಲಲ್ಲ ಅನ್ನಿಸಿದರೆ ಕೊಳ್ಳೋಕೆ ಇದೇ ಸಮಯ. ಏಪ್ರಿಲ್‌ನಲ್ಲಿ ಹುಡುಕಿಕೊಂಡು ಹೋದರೆ ದುಡ್ಡು ಕೊಟ್ಟರೂ ಸಿಗಲ್ಲ.